ಹಗುರ ಕೆಲಸ

ಎರಡನೇ ಗೇಟಿನ ಒಳಗೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ
ಹಸಿರು ಹಲಗೆ:
ಅಪಘಾತವಿಲ್ಲದೆ ಕಳೆದ ದಿನಗಳು ೨೧೧.
ತಗಡಿನ ಅಂಕಿ, ಮೊಳೆಗೆ ನೇತುಹಾಕುವಂಥದ್ದು.
ದಿನಾ ಬದಲಿಸುವವನು ಕಟೊಂಗೊ,
ಎಡಗೈಯಲ್ಲಿ.

ನಾನು ಇಲ್ಲಿಯ ಔಷಧಿ ಕೋಣೆಯವಳು.
ಹತ್ತಿ, ಅಯೋಡಿನ್, ಕಣ್ಣು ತೊಳೆಯುವ ಬಟ್ಟಲು,
ಮತ್ತೆ ಎರಡು ಪುಸ್ತಕ.
ತೆಳುವಾದದ್ದು ತಿಂಗಳಿಗೊಮ್ಮೆ ಲುಸಾಕಾಕ್ಕೆ ಹೋಗಿ ಬರುತ್ತದೆ.
ದಪ್ಪದ್ದು ಎಲ್ಲಿಗೂ ಹೋಗುವುದಿಲ್ಲ.

ದಪ್ಪದ್ದರಲ್ಲಿ ಇದೆ:
ಸುಣ್ಣದ ಹಾಲು ಸಿಡಿದು ಮುಬಾಂಗನ ಒಂದು ಕಣ್ಣು.
ಗಿರಣಿಗೆ ಉಕ್ಕಿನ ಗುಂಡು ಸುರಿಯುವಾಗ
ಹೆಸರು ಹೇಳಲೊಪ್ಪದ ಗುತ್ತಿಗೆಯ ಹುಡುಗ, ಕಾಲಿನ ಹೆಬ್ಬೆರಳು
(ಬೂಟು ಅವನಣ್ಣನದು, ಎರಡಳತೆ ದೊಡ್ಡದು).
ಸಿಮುಕೊಂಡನ ಕಿವಿ. ಯಾವತ್ತಿನಿಂದ ಅಂದೆ,
ಏನಂದಿರಿ ಅಂದ.
ಅದಕ್ಕೆ ಯಾವ ತಾರೀಖು ಹಾಕಲಿ?

ಕಟೊಂಗೊನದಕ್ಕೆ ತಾರೀಖಿದೆ. ಆಗಸ್ಟ್ ಹದಿನಾಲ್ಕು,
ನಸುಕಿನ ನಾಲ್ಕೂ ಹತ್ತು.
ಬೆಲ್ಟಿನ ಬಾಲದ ರಾಟೆಗೆ ಅದಿರಿನ ಕೆಸರು ಮೆತ್ತಿತ್ತು.
ನಿಲ್ಲಿಸಿ ಕೆರೆ, ಎನ್ನುತ್ತದೆ ನಿಯಮ.
ನಿಲ್ಲಿಸಿದರೆ ಟನ್ನು ಬೀಳುತ್ತದೆ, ಎನ್ನುತ್ತಾನೆ ಮೇಸ್ತ್ರಿ.
ನಿಯಮ ಗೋಡೆಯ ಮೇಲಿತ್ತು,
ಮೇಸ್ತ್ರಿ ಬೆನ್ನ ಹಿಂದೆ.
ಸಲಿಕೆ ಮೊದಲು ಹೋಯಿತು, ಸಲಿಕೆಯ ಹಿಂದೆ ಕೈಗವುಸು,
ಕೈಗವುಸಿನೊಳಗೆ ಏನಿತ್ತೋ ಅದು.
ಎಳೆಯಲು ಕೆಂಪು ಹಗ್ಗವಿತ್ತು, ತುರ್ತಿಗೆಂದು.
ಎಳೆದರು. ಬಂತು, ಬರುತ್ತಲೇ ಇತ್ತು,
ಆಚೆ ತುದಿ ಯಾವುದಕ್ಕೂ ಕಟ್ಟಿರಲಿಲ್ಲ.

ನನ್ನ ಬಾಗಿಲಿಗೆ ಬಂದವನು ನೋವಿನ ಮಾತಾಡಲಿಲ್ಲ.
ಉಂಗುರ ಯಾವ ಕೈಯಲ್ಲಿತ್ತು, ನೋಡು ತಂಗಿ, ಅಂದ.
ಎಡಗೈ ಎತ್ತಿ ತೋರಿಸಿದೆ.
ನಕ್ಕ. ಆಮೇಲೆ ಬಿದ್ದ.

ನಾಲ್ಕು ಬೆರಳು ಹೋದವು. ಹೆಬ್ಬೆಟ್ಟು ಉಳಿಯಿತು,
ಕಾಗದಕ್ಕೆ ಒತ್ತಲು ಅಷ್ಟು ಸಾಕು.
ಮರುದಿನದ ಪಾಳಿಗೆ ಸರಿಯಾಗಿ ಆಸ್ಪತ್ರೆ ಬಾಗಿಲಿಗೆ ವ್ಯಾನು.
ಕೆಲಸಕ್ಕೆ ಬಾರದಿದ್ದರೆ ಅದು ಅಪಘಾತ,
ಬಂದು ಕೂತರೆ ಬರೀ ಗಾಯ.
ಒಂದು ಕುರ್ಚಿ, ಮೇಲೊಂದು ಫ್ಯಾನು,
ಹಗುರ ಕೆಲಸ ಎಂದು ಬರೆದ ಚೀಟಿ.
ಜ್ವರದಲ್ಲಿ ನಡುಗುತ್ತ ಅವನು ಮೊದಲು ನೇತುಹಾಕಿದ್ದು
ತೊಂಬತ್ತೈದು.

ಇನ್ನೂರು ತುಂಬಿದ ದಿನ ಎಲ್ಲರಿಗೂ
ಹತ್ತು ಕಿಲೋ ಜೋಳದ ಹಿಟ್ಟು.
ಸಿಮುಕೊಂಡನಿಗೆ ಅವನ ಸರದಿ ಕೂಗಿದ್ದು ಕೇಳಿಸಲಿಲ್ಲ,
ಯಾರೋ ಬೆನ್ನು ತಟ್ಟಿ ಮುಂದೆ ದೂಡಿದರು.
ಕಟೊಂಗೊನ ಚೀಲವನ್ನು ಬನಾ ಮ್ವೆಲ್ವ ತಲೆಯ ಮೇಲೆ ಹೊತ್ತಳು.
ಆ ರಾತ್ರಿ ಅವನು ಮಕ್ಕಳಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ
ನ್ಶಿಮಾದ ಮುದ್ದೆ ಮುರಿದನಂತೆ.
ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು.
ಬನಾ ಮ್ವೆಲ್ವ ಹೇಳಿದಳು, ನಲ್ಲಿಯ ಹತ್ತಿರ,
ಬಿಂದಿಗೆ ತುಂಬಿ ಹರಿದರೂ ನಿಲ್ಲಿಸದೆ.

ನನಗೂ ಹತ್ತು ಕಿಲೋ ಕೊಟ್ಟರು.
ಬೇಯಿಸಿದೆ. ಉಂಡೆ.
ಹಿಟ್ಟು ಒಳ್ಳೆಯದೇ ಇತ್ತು.

ಇವತ್ತು ಬೆಳಿಗ್ಗೆ ಮಳೆ. ಹಲಗೆ ಒದ್ದೆ, ಮೊಳೆ ಜಾರು.
ಕೊನೆಯ ಒಂದನ್ನು ತೆಗೆದು ಎರಡನ್ನು ಹಾಕುವಾಗ
ತಗಡಿನ ಅಂಚು ಎಡದ ತೋರುಬೆರಳನ್ನು ಕೊಯ್ದಿತು.
ಅಂಕಿ ಕಂಕುಳಲ್ಲಿ ಸಿಕ್ಕಿಸಿಕೊಂಡೇ ಬಂದ.
ಪಟ್ಟಿ ಕಟ್ಟಿ, ರೂಢಿಯಂತೆ
ದಪ್ಪ ಪುಸ್ತಕ ತೆರೆದೆ.

ಬೇಡ ತಂಗಿ, ಅಂದ.
ಇನ್ನೂರೈವತ್ತಕ್ಕೆ ಎಣ್ಣೆ ಕೊಡ್ತಾರಂತೆ.

ಗೋಡೆಯಾಚೆ ಬೆಲ್ಟು ತಿರುಗುತ್ತಿತ್ತು, ಅದೇ ಬೆಲ್ಟು.
ಪೆನ್ನಿನ ಮುಚ್ಚಳ ತೆಗೆದಾಗಿತ್ತು,
ತಾರೀಖೂ ಬರೆದಾಗಿತ್ತು.
ಅದರ ಮುಂದಿನ ಗೆರೆ ಇನ್ನೂ ಖಾಲಿ ಇದೆ.

ಎರಡನ್ನು ಅವನಿಂದ ಇಸಿದುಕೊಂಡೆ.
ನಲ್ಲಿಗೆ ಹಿಡಿದು, ಅಂಚಿನ ಕೆಂಪು ಹೋಗುವವರೆಗೆ ಉಜ್ಜಿ,
ಸೆರಗಿಲ್ಲದ ನನ್ನ ಬಿಳಿ ಅಂಗಿಯಲ್ಲೇ ಒರೆಸಿ
ಕೈಗೆ ಕೊಟ್ಟೆ.