ಮೂರನೇ ಸಲ

ಕಸ್ತೂರಿ ಧಾರವಾಡದಿಂದ ಬರುತ್ತೇನೆಂದಾಗ
ಮೇ ತಿಂಗಳು. ಮಾವಿನ ಲಾರಿಗಳ ನಡುವೆ
ಶ್ರೀನಿವಾಸಪುರದಲ್ಲಿ ಮನುಷ್ಯರು ಓರೆಯಾಗಿ ನಡೆಯುವ ಕಾಲ.
ಬಾ ಎಂದೆ. ಮೂರು ಕಚೇರಿ ಗೊತ್ತುಮಾಡುತ್ತೇನೆ ಎಂದೆ.
ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲು ಬರುತ್ತದೆಯೇ?

ಸ್ವರ ಹಾಕುವ ನೋಟ್‌ಬುಕ್ಕಿನ ಹಿಂಬದಿಯಲ್ಲಿ
ಕುರ್ಚಿ ನಲವತ್ತು, ಜಮಖಾನ ಎರಡು,
ಮೈಕಿನ ಬಾಬುಗೆ ಮುಂಗಡ ಐನೂರು, ಮಿಕ್ಕದ್ದು ಆಮೇಲೆ,
ಚಿಂತಾಮಣಿ ಶಾಲೆಯ ಬೀಗದ ಕೈ ಯಾರ ಬಳಿ?
ಪ್ರೆಸ್ಸಿನ ಹುಡುಗ ನಕ್ಕ:
'ಪಿಟೀಲು ಕುಯ್ಯೋದಕ್ಕೂ ಪೋಸ್ಟರಾ ಟೀಚರ್?'
ಅವಳು ಕುಯ್ದರೆ ಗಾಯವಾಗಲ್ಲ ಕಣೋ, ನೀನು ಅಚ್ಚು ಹಾಕು, ಅಂದೆ.
ಪೋಸ್ಟರು ಬಂತು: 'ವಾಯುಲಿನ್ ವಿದುಷಿ'.
ಇರಲಿ, ಈ ಸೆಕೆಗೆ ಗಾಳಿಯೂ ಬೇಕಲ್ಲ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಮೈಸೂರಿನ ಹಾಸ್ಟೆಲಿನಲ್ಲಿ
ಒಂದೇ ಬಕೆಟ್ಟಿನ ಬಿಸಿನೀರು ಹಂಚಿಕೊಂಡವರು.
ಬಂದವಳೇ ಚೀಲ ಇಳಿಸುವ ಮೊದಲು
ನನ್ನ ಹಾರ್ಮೋನಿಯಂ ಒತ್ತಿ ಮುಖ ಹಿಂಡಿದಳು:
'ಏ ಮುನಿ, ನಿನ್ನ ಷಡ್ಜ ಬಾವ್ಯಾಗ ಬಿದ್ದೈತಲ್ಲ!'
ಅಪ್ಪನ ಪೆಟ್ಟಿಗೆ. ಭಜನೆಮನೆಯ ಹೊಗೆ ಕುಡಿದದ್ದು.
ಮೇಲೆತ್ತಲು ಹೋದರೆ ಹಲ್ಲು ಮುರಿಯುತ್ತದೆಂದು
ರಿಪೇರಿಯವನು ಎರಡು ಸಲ ವಾಪಸು ಕೊಟ್ಟಿದ್ದ.
ಅವಳು ಬಿರಡೆ ತಿರುವಿದಳು,
ನಾಲ್ಕು ತಂತಿಯೂ ಒಂದೊಂದಾಗಿ ಸಡಿಲ.
'ನಾನ ಇಳಿತೇನಿ ಬಿಡು.'
ಅಷ್ಟೇ. ನಾನು ಅಡುಗೆಮನೆಗೆ ಹೋಗಿ
ತೊಳೆದಿದ್ದ ಲೋಟವನ್ನೇ ಇನ್ನೊಮ್ಮೆ ತೊಳೆದೆ.

ಚಿಂತಾಮಣಿಯ ಹುಡುಗಿಯರು ಆಲಾಪದ ನಡುವೆಯೇ ಚಪ್ಪಾಳೆ ತಟ್ಟಿದರು.
ಕೋಲಾರದಲ್ಲಿ ಹದಿನೇಳು ಜನ,
ಅದರಲ್ಲಿ ನಾಲ್ವರು ಕುರ್ಚಿ ಮಡಚಲು ಕಾದವರು.
ಉಳಿದ ಹದಿಮೂರಕ್ಕೆ ಅವಳು ಒಂದೂವರೆ ಗಂಟೆ ಮಾರ್ವಾ ನುಡಿಸಿದಳು.
ನನ್ನ ಕಣ್ಣು ಬಾಗಿಲ ಮೇಲೆ. ಅವಳದು ಮುಚ್ಚಿತ್ತು.

ಭಾನುವಾರ ಸಂಜೆ, ಹರಾಜು ಮುಗಿದ ಮಂಡಿ.
ಒಣಹುಲ್ಲು, ಬೇನಿಶಾ, ತೋತಾಪುರಿ,
ಎಲ್ಲೋ ಮೂಲೆಯಲ್ಲಿ ಕೊಳೆಯುತ್ತಿರುವುದರ ಸಿಹಿ.
ನಾನು ಕಟ್ಟಿದ ಹೊಸತನ್ನು ಅಲ್ಲೇ ನುಡಿಸಬೇಕೆಂದು ನನ್ನ ಹಟ;
ಆ ಕಟ್ಟೆಯಲ್ಲೇ ಅಲ್ಲವೇ ಅದು ಸಿಕ್ಕಿದ್ದು,
ಪ್ಯಾರೇಜಾನ್ ಸಾಬರು ಮೂವತ್ತು ಸುಗ್ಗಿ ಕೂಗಿದ ಕೂಗು:
ಒಕಸಾರಿ, ರೆಂಡುಸಾರಿ, ಮೂಡೋಸಾರಿ.
ನಮ್ಮ ಗಡಿಯಲ್ಲಿ ದರ ತೆಲುಗಿನಲ್ಲೇ ಏರುವುದು.
ಕೇಳಿ ಕೇಳಿ ಸ್ವರಕ್ಕೆ ಇಳಿಸಿದ್ದೆ. ಮೂರನೆಯದನ್ನು ಮಾತ್ರ
ನಿಷಾದಕ್ಕೆ ಹತ್ತಿಸಿ ನಿಲ್ಲಿಸಿದ್ದೆ,
ಗೆದ್ದವನು ಮೀಸೆ ಮುಟ್ಟಿಕೊಂಡ ಹಾಗೆ.

ಕಸ್ತೂರಿ ಮುಗಿಸಿದಳು. ಕ್ರೇಟುಗಳ ಮೇಲೆ ಕೂತ ಹಮಾಲರು
ಸಾಬರ ಮುಖ ನೋಡಿದರು.
ಸಾಬರು ಹೆಗಲ ಟವೆಲು ಸರಿಮಾಡಿಕೊಂಡು ಎದ್ದರು.
'ಚೆನ್ನಾಗೈತೆ ಟೀಚರಮ್ಮ. ಆದರೆ ಮೂರನೇದು ಹಂಗಲ್ಲ.'
ಕೂಗಿ ತೋರಿಸಿದರು.
ಒಂದು ಏರಿತು, ಎರಡು ಏರಿತು,
ಮೂರನೆಯದು ಮೆಲ್ಲಗೆ ಕೆಳಗೆ ಬಂದು ಕೂತಿತು.
'ಅಷ್ಟೊತ್ತಿಗೆ ಹಣ್ಣು ಹೋಗಿಬಿಟ್ಟಿರ್ತದೆ ತಾಯಿ,
ಇನ್ನ ಯಾರನ್ನ ಅಂತ ಕೂಗೋದು?'

'ಇನ್ನೊಮ್ಮೆ ಅನ್ರಿ ಸಾಹೇಬ್ರ' ಅಂದಳು ಇವಳು, ಕಮಾನು ಆಗಲೇ ತಂತಿಯ ಮೇಲೆ.
ಅವರು ಕೂಗಿದರು, ಇವಳು ಹಿಂದೆ ಹಿಂದೆ ಇಳಿದಳು,
ನನ್ನ ಪೆಟ್ಟಿಗೆಯ ಬಾವಿಗೆ ಬಿದ್ದ ಷಡ್ಜದ ತನಕ.
ನಾನು ಪೆನ್ಸಿಲ್ಲಿನಿಂದ ನಿಷಾದ ಹೊಡೆದುಹಾಕಿದೆ.
ಹಾಳೆಯ ಆಚೆಯಿಂದ ಕುರ್ಚಿ ನಲವತ್ತು ಮಸುಕಾಗಿ ಕಂಡಿತು.

ಸೋಮವಾರ ಬಸ್ಸು. ಹಮಾಲರು ಕೊಟ್ಟ ಒಂದು ಕ್ರೇಟು ಬೇನಿಶಾಕ್ಕೆ
ಲಗೇಜು ಚಾರ್ಜು ಯಾಕೆಂದು
ಕಂಡಕ್ಟರಿನೊಡನೆ ಎರಡು ಕನ್ನಡದಲ್ಲಿ ಜಗಳವಾಡಿದೆವು, ಸೋತೆವು.
ಲೆಕ್ಕ ಹಾಕಿದರೆ ಮುನ್ನೂರ ನಲವತ್ತು ಕೈಬಿಟ್ಟಿದೆ.

ಬಾಕಿ ಕೇಳಲು ಬಂದ ಬಾಬು
ಹಾರ್ಮೋನಿಯಂ ಮುಚ್ಚಳದ ಮೇಲಿನ ಬಿಳಿಪುಡಿಗೆ ಬೆರಳು ಚಾಚಿದ:
'ಏನಕ್ಕ ಇದು, ಸುಣ್ಣಾನಾ?'
ಕಮಾನಿನ ರಾಳ, ಅಂದೆ.
ಮುಟ್ಟಬೇಡ.