ಬರಿಮೇಜು

ಮಸ್ಕತ್ತಿನ ರುವಿಯಲ್ಲಿ, ಬೋಳುಗುಡ್ಡಕ್ಕೆ ಬೆನ್ನಾನಿಸಿದ ಕಾಂಪೌಂಡು.
ಗಂಟೆಯಿಲ್ಲ, ಹೊರಗೋಡೆಗೆ ಶಿಲುಬೆಯಿಲ್ಲ,
ಶುಕ್ರವಾರವೇ ನಮಗೆ ಭಾನುವಾರ.
ಮೂರನೇ ಹಾಲಿನ ಬೀಗದಕೈ ನನ್ನದು, ಹದಿನೇಳು ವರ್ಷದಿಂದ.
ಊರಲ್ಲಿ ನಾನು ಜತ್ತನ್ನ.
ಇಲ್ಲಿ ಒತ್ತಕ್ಷರಗಳೆಲ್ಲ ಉದುರಿ ಜತನ್ ಆದೆ.
ಆಗಲಿ. ಮಾಡುವುದೂ ಅದನ್ನೇ.

ಏಳಕ್ಕೆ ಕನ್ನಡದವರು, ನಲವತ್ತು ತಲೆ.
ಒಂಬತ್ತಕ್ಕೆ ಮಲಯಾಳಿಗಳು, ಧೂಪದ ಸಮೇತ.
ಹನ್ನೊಂದೂವರೆಗೆ ಗಿಟಾರು ಹೊತ್ತ ಫಿಲಿಪ್ಪೀನಿಯರು,
ಆಮೇಲೆ ಮೈತುಂಬ ಬಿಳಿ ಹೊದ್ದು
ಚಪ್ಪಲಿ ಬಾಗಿಲಲ್ಲೇ ಬಿಡುವ ಇಥಿಯೋಪಿಯದ ಹೆಂಗಸರು,
ಸಂಜೆಗೆ ಈಜಿಪ್ಟಿನ ಅಬೂನಾ ಬಿಶೋಯ್.
ಒಬ್ಬರು ಹೋಗಿ ಒಬ್ಬರು ಬರುವ ನಡುವೆ ಹದಿನೈದು ನಿಮಿಷ.
ಅಷ್ಟರಲ್ಲಿ ಕುರ್ಚಿ ಸರಿಸಬೇಕು, ಕಿಟಕಿ ತೆರೆದು ಧೂಪ ಓಡಿಸಬೇಕು,
ಮೇಜಿನ ಹೊದಿಕೆ ಬದಲಿಸಬೇಕು:
ಇವರದು ಹತ್ತಿಯ ಬಿಳಿ, ಅವರದು ಜರಿಯಂಚಿನ ಕೆಂಪು ವೆಲ್ವೆಟ್ಟು.
ತೆಗೆದ ಮೇಲೆ, ಹಾಸುವ ಮುನ್ನ,
ಮೇಜು ಒಂದು ಗಳಿಗೆ ಬರಿಮೈಯಲ್ಲಿರುತ್ತಿತ್ತು.
ಸಾಗುವಾನಿ. ಎಡಮೂಲೆಯಲ್ಲಿ ಮೇಣದಬತ್ತಿ ಸುಟ್ಟ ಕಲೆ.
ಅದನ್ನು ಕಂಡವನು ನಾನೊಬ್ಬನೇ.

ಜಗಳವೂ ಇತ್ತು, ಇಲ್ಲವೆನ್ನಲಾರೆ.
ಪಾರ್ಕಿಂಗಿಗೆ, ಮೈಕಿನ ಸದ್ದಿಗೆ,
ಏಳು ನಿಮಿಷ ಜಾಸ್ತಿ ಹಾಡಿದ್ದಕ್ಕೆ.
ನಾನೇನು ಕಮ್ಮಿ? ಮುಲ್ಕಿಯಲ್ಲಿ ನನ್ನಜ್ಜಿ
ಇಗರ್ಜಿ ಹಾದುಹೋಗುವಾಗ ಸೆರಗು ಬಿಗಿಹಿಡಿದು
‘ಅವರದು ಪೂಜೆ ಮಗಾ, ನಮ್ಮದು ಆರಾಧನೆ’ ಎನ್ನುತ್ತಿದ್ದಳು.
ಆ ಎರಡು ಪದಗಳ ನಡುವಿನ ಗೋಡೆಯನ್ನು
ನಾನೂ ಪಾಸ್‌ಪೋರ್ಟಿನೊಳಗೆ ಮಡಿಸಿ ತಂದಿದ್ದೆ.

ಕೂಡಿಸಿದ್ದು ಯಾವ ಮಹಾಸಭೆಯೂ ಅಲ್ಲ,
ಕೆಟ್ಟುಹೋದ ಏಸಿ.
ಆಗಸ್ಟು. ಎರಡನೇ ಹಾಲಿನ ಕಂಪ್ರೆಸರು ಸತ್ತಿತು.
ಮಂಗಳೂರಿನ ಕೊಂಕಣಿಯವರು, ಹೆಗಲ ಮೇಲೆ ಕೂಸುಗಳು,
ಹಂಚಿನಂತೆ ಕಾದ ಅಂಗಳದಲ್ಲಿ ನಿಂತಿದ್ದರು.
ಒಳಗೆ ಗೀವರ್ಗೀಸ್ ಅಚ್ಚನ್ನರ ಪ್ರಾರ್ಥನೆ ಅರ್ಧದಲ್ಲಿತ್ತು.
ಕಿಟಕಿಯಿಂದ ಕಂಡರು. ಓದು ನಿಲ್ಲಿಸಿದರು.
ನನ್ನತ್ತ ಗಡ್ಡ ಆಡಿಸಿದರು: ತೆರೆ.
ತೆರೆದೆ. ಅಷ್ಟೆ.

ಆಮೇಲೆ ನರ್ಸ್ ರೋವೆನಾ ಆಸ್ಪತ್ರೆಯ ಪಟ್ಟಿ ತಂದಳು,
ವಾರ್ಡು, ಹಾಸಿಗೆ, ಹೆಸರು;
ಯಾವ ಸಭೆ ಎಂಬ ಕಾಲಮ್ಮೇ ಇರಲಿಲ್ಲ.
ಗುರುವಾರ ರಾತ್ರಿ ಲೇಬರ್ ಕ್ಯಾಂಪಿಗೆ ಅನ್ನದ ಪೊಟ್ಟಣ.
ಅಬೂನಾ ಅವರ ಉಪವಾಸ ಬಂತೆಂದು
ಐವತ್ತೈದು ದಿನ ಎಲ್ಲ ಪೊಟ್ಟಣಕ್ಕೂ ಬರೀ ಬೇಳೆ.
ಸೆವ್ರಿನ್ ಗೊಣಗಿದ. ಗೊಣಗುತ್ತಲೇ ಕಟ್ಟಿದ.

ಈ ಜನವರಿ, ಐಕ್ಯಕ್ಕೆಂದು ಎಂಟು ದಿನದ ಪ್ರಾರ್ಥನೆ.
ಮೇಜಿಗೆ ಯಾರ ಹೊದಿಕೆ?
ಎರಡು ಮೀಟಿಂಗು, ಮೂರು ಸಲ ಚಹಾ, ಬಗೆಹರಿಯಲಿಲ್ಲ.
‘ಜತನ್, ಏನೂ ಹಾಸಬೇಡ.’
ಹಾಗೆ ಮೊದಲ ಬಾರಿ ಎಲ್ಲರೂ ಮರವನ್ನು ನೋಡಿದರು.
ಅಚ್ಚನ್ ಕಲೆಯ ಮೇಲೆ ಬೆರಳಾಡಿಸಿ
‘ಇದು ನಮ್ಮ ಬತ್ತಿಯದೇ’ ಎಂದರು.
‘ಇಲ್ಲ ಇಲ್ಲ, ನಮ್ಮದು’ ಎಂದರು ಅಬೂನಾ.
ತಪ್ಪು ತನ್ನದೆಂಬ ಜಗಳವನ್ನು
ಆ ಹಾಲಿನಲ್ಲಿ ನಾನು ಕೇಳಿದ್ದು ಅಂದೇ.

ತಂತಮ್ಮ ನುಡಿಯಲ್ಲಿ ಒಟ್ಟಿಗೆ ಶುರುಮಾಡಿದರು.
ನಾವು ಪರಲೋಕ ಎಂದೆವು, ಪಕ್ಕದವರು ಸ್ವರ್ಗ ಎಂದರು,
ಪಿತಾವೇ, ಬಾಪಾ, ಅಬಾನಾ,
ರೋವೆನಾಳ ಸಾಲಿನಿಂದ ‘ಅಮಾ’.
ಅವರಲ್ಲಿ ಹಾಗೆಂದರೆ ಅಪ್ಪನಂತೆ.
ನನ್ನ ಕಿವಿ ಅಮ್ಮನೆಂದೇ ಕೇಳಿತು.
ತಿದ್ದಲು ಹೋಗಲಿಲ್ಲ.

ರೊಟ್ಟಿ ಮಾತ್ರ ಇನ್ನೂ ಬೇರೆಬೇರೆ.
ಆ ಸಂಜೆ ಮೇಜಿನ ಮೇಲೆ ಯಾರೂ ಏನೂ ಇಡಲಿಲ್ಲ;
ಅದು ನೋಯುವುದನ್ನು
ಎಲ್ಲರೂ ತಲೆ ತಗ್ಗಿಸಿ ಒಪ್ಪಿಕೊಂಡಂತಿತ್ತು.

ಹೊರಟ ಮೇಲೆ ಒರೆಸಲು ಹೋದೆ.
ಅಂಚಿನುದ್ದಕ್ಕೂ ಕೈಯೂರಿ ನಿಂತ ಗುರುತುಗಳು,
ಯಾರದೆಂದು ಹೇಳಲಾಗದಷ್ಟು ಒಂದರ ಮೇಲೊಂದು.
ಒರೆಸುವ ಬಟ್ಟೆ ಹೆಗಲಿಗೇ ಹಾಕಿಕೊಂಡು
ದೀಪ ಆರಿಸಿದೆ.
ಬೆಳಿಗ್ಗೆ ಏಳಕ್ಕೆ ಕನ್ನಡದವರು.
ಬಿಳಿ ಹೊದಿಕೆಗೆ ಇನ್ನೂ ಇಸ್ತ್ರಿಯಾಗಬೇಕು.