ಬಾಂಡ್ ವಿಭಾಗ, ಎರಡನೇ ಕಪಾಟು

ಪುಣೆಯ ಈ ಕಾಲೇಜಿನಲ್ಲಿ ಹೆಣ ಕೊಯ್ಯುವ ಮೊದಲು
ಎಲ್ಲರೂ ನನ್ನ ಮೇಜಿಗೆ ಬರುತ್ತಾರೆ.
ಐನೂರರ ಛಾಪಾ ಕಾಗದ, ಎರಡು ಫೋಟೊ,
ಜಾಮೀನಿಗೊಬ್ಬ ಸೋದರಮಾವ.
ಹದಿನೆಂಟು ತುಂಬಿ ಹದಿನೈದು ದಿನವಾಗಿರುವುದಿಲ್ಲ,
ಸಹಿ ಇನ್ನೂ ಬಲಿತಿರುವುದಿಲ್ಲ:
ಒಂದು ಹಾಳೆಯಲ್ಲಿ ಬಾಲ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ.
ಓದಿ ಹಾಕಿ ಅನ್ನುತ್ತೇನೆ, ಜತ್ತಿನ ವಾಸನೆಯ ಮರಾಠಿಯಲ್ಲಿ.
ಯಾರೂ ಓದುವುದಿಲ್ಲ.

ಸರಕಾರದ ಖರ್ಚಿನಲ್ಲಿ ಓದಿದ್ದಕ್ಕೆ
ಸರಕಾರ ಹೇಳಿದ ಊರಲ್ಲಿ ಒಂದು ವರ್ಷ.
ಇಲ್ಲವಾದರೆ ಹತ್ತು ಲಕ್ಷ.
ಅಂಕಿಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ
ಅದನ್ನು ನಾನೇ ಬರೆಯುತ್ತೇನೆ, ಇಪ್ಪತ್ತೆರಡು ವರ್ಷದಿಂದ.
ಅಷ್ಟು ದುಡ್ಡನ್ನು ನನ್ನ ಕೈ
ಬೇರೆ ಯಾವ ರೀತಿಯಲ್ಲೂ ಮುಟ್ಟಿಲ್ಲ.

ಓದು ಮುಗಿಸಿ ಮತ್ತೆ ಬರುತ್ತಾರೆ.
ಔಂಧದ ಬಿಲ್ಡರ್ ಒಬ್ಬರು ಡಿಡಿಯನ್ನು
ಲ್ಯಾಮಿನೇಟ್ ಮಾಡಿಸಿ ತಂದಿದ್ದರು, ಮಳೆ ಅಂತ.
ಮಗ ಕಾರಿನಿಂದ ಇಳಿಯಲೇ ಇಲ್ಲ.
ಲ್ಯಾಮಿನೇಟ್ ಮಾಡಿದ ಡಿಡಿ ಬ್ಯಾಂಕಿನಲ್ಲಿ ನಡೆಯುವುದಿಲ್ಲ
ಎಂದು ಹೇಳುವಾಗ, ಸುಳ್ಳೇಕೆ, ಸ್ವಲ್ಪ ಖುಷಿಯಾಯಿತು.

ತೌಫೀಕ್ ಬಾಗವಾನನ ಕಥೆ ಬೇರೆ.
ಮಾರ್ಕೆಟ್ ಯಾರ್ಡಿನಲ್ಲಿ ಅಪ್ಪನದು ಮೂಸಂಬಿ ಗಾಡಿ.
ಮೂರನೇ ವರ್ಷ ಸ್ಕಾಲರ್‌ಶಿಪ್ ಫಾರಂ ತುಂಬುತ್ತ ಹೇಳಿದ್ದ:
ಮಕ್ಕಳ ವಾರ್ಡು ಸರ್, ಅಲ್ಲಿ ಯಾರೂ ಸುಳ್ಳು ಅಳೋದಿಲ್ಲ.
ಪಿ.ಜಿ. ಸೀಟು ತಪ್ಪಬಾರದೆಂದು
ಒಂದು ವರ್ಷ ಉಳಿಸಲು ಹತ್ತು ಲಕ್ಷ ಸಾಲ ತಂದ.
ಆಮೇಲೆ ಸಾಲವೇ ಅವನ ವಿಭಾಗ ಆರಿಸಿತು.
ನನ್ನ ಚಲನ್ ಹಿಂದೆ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದ್ದು ಈಗಲೂ ಇದೆ:
ಮಕ್ಕಳು ಹನ್ನೊಂದು ವರ್ಷ, ಚರ್ಮ ನಾಲ್ಕು.
ಈಗ ಕೋರೆಗಾಂವ್ ಪಾರ್ಕಿನಲ್ಲಿ ಬೋಳುತಲೆಗಳಿಗೆ ಕೂದಲು ನೆಡುತ್ತಾನೆ.
ಗಾಡಿ ಹೋಗಿ ಅಂಗಡಿಯಾಗಿದೆ. ತಂಗಿ ವಕೀಲೆ.
ಕೆಟ್ಟವನಾಗಲಿಲ್ಲ.
ನನ್ನ ಕುತ್ತಿಗೆಯ ನರೂಲಿ ಸುಟ್ಟುಕೊಟ್ಟ, ದುಡ್ಡು ಮುಟ್ಟಲಿಲ್ಲ.
ಮಕ್ಕಳ ವಾರ್ಡಿನ ಮಾತು ನಾನೂ ಎತ್ತಲಿಲ್ಲ.

ಮೃಣ್ಮಯಿ ಪೆಂಡಸೆ ಎಂಬವಳು
ಪೋಸ್ಟಿಂಗ್ ಚೀಟಿ ನೋಡಿ ಇದೇ ಬೆಂಚಿನಲ್ಲಿ ಅತ್ತಳು. ಅಕ್ಕಲಕುವಾ ಕಡೆಯ ಹಾಡಿ.
ಅವಳ ಅಮ್ಮ ಕೇಳಿದರು, ಕ್ವಾರ್ಟರ್ಸಿಗೆ ಒಳಗಿಂದ ಚಿಲಕ ಇದೆಯೇ?
ಇದೆ ಅಂದೆ. ನಾನು ನೋಡಿದ್ದೆನೇ?
ವರ್ಷ ಕಳೆದು ಬಿಡುಗಡೆ ಪತ್ರ ಅಂಚೆಯಲ್ಲಿ ಬಂತು.
ಅವಳು ಬರಲಿಲ್ಲ.
ಬಾಂಡ್ ಸ್ವತಃ ಬಂದು ಒಯ್ಯಬೇಕು, ನಿಯಮ.
ಮೂರು ನೆನಪೋಲೆ ಹಾಕಿದೆ.
ಎರಡನೇ ಕಪಾಟಿನ ತಳದ ಖಾನೆ, ಅಲ್ಲೇ ಇತ್ತು, ಏಳು ವರ್ಷ.

ಹೋದ ಶ್ರಾವಣದಲ್ಲಿ ಬಂದಳು. ಕಪ್ಪಾಗಿದ್ದಳು. ಮುಂದಲೆ ನರೆತಿತ್ತು.
ಕಾಗದ ಕೇಳಲು ಅಲ್ಲ.
ಜೊತೆಗೆ ಆ ಕಡೆಯದೇ ಹುಡುಗಿ, ರೋಶನಿ ವಳವಿ, ಅಲ್ಲಿನ ದಾಯಿಯ ಮೊಮ್ಮಗಳು,
ಹೊಸ ಅಡ್ಮಿಶನ್.
ಜಾಮೀನಿಗೆ ಸೋದರಮಾವ?
ನಾನೇ, ಅಂದಳು ಮೃಣ್ಮಯಿ.
ಹೆಸರಲ್ಲಿ ಬಾಂಡ್ ಬಾಕಿ ಇರುವವರು ಜಾಮೀನು ನಿಲ್ಲುವಂತಿಲ್ಲ.
ಹಾಗಾಗಿ ಕಪಾಟು ತೆಗೆದೆ.

ಬೆಳ್ಳಿಹುಳ ಆಗಲೇ ಊಟ ಮುಗಿಸಿತ್ತು.
ಅಕ್ಷರದಲ್ಲಿ ಬರೆದ ಹತ್ತು ಇರಲಿಲ್ಲ. ಮುಂದಿನದು ಉಳಿದಿತ್ತು.
ಮರಾಠಿಯಲ್ಲಿ ಅದು ಲಾಖ;
ನಾನು ಮನಸ್ಸಿನಲ್ಲಿ ಯಾವತ್ತೂ ಲಕ್ಷ ಅಂತಲೇ ಓದುವವನು.
ಜತ್ತಿನಲ್ಲಿ ಅವ್ವ, ಒಲೆ ಮೇಲೆ ಹಾಲಿಟ್ಟು ಹೊರಗೆ ಹೋಗುವಾಗ,
ಲಕ್ಷ ಇರಲಿ ತಮ್ಮಾ, ಅನ್ನುತ್ತಿದ್ದಳು.

ಆ ಹುಡುಗಿ ಕಾಗದ ಓದಿದಳು.
ಪೂರ್ತಿ. ಬೆರಳಿಟ್ಟು, ಸಾಲು ಸಾಲಾಗಿ.
ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಯಿತು, ನನ್ನ ಊಟದ ಹೊತ್ತೂ ಮೀರಿತು.
ಒಂದು ವರ್ಷ ಅಂತಿದೆ, ಊರಿನ ಹೆಸರು ಎಲ್ಲಿ ಬರೆಯೋದು? ಅಂದಳು.
ಅದಕ್ಕೆ ಖಾನೆ ಇಲ್ಲ.

ಆರು ವರ್ಷ ಉದ್ದದ್ದು. ಅವಳಿಗೂ ಯಾರೋ ಚಲನ್ ಹಿಂದೆ
ಲೆಕ್ಕ ಹಾಕಿ ತೋರಿಸಬಹುದು. ನನಗೆ ಗೊತ್ತಿಲ್ಲ.
ಆಗ ಈ ಕುರ್ಚಿಯಲ್ಲಿ ನಾನೂ ಇರುವುದಿಲ್ಲ.

ಪೆನ್ನಿನ ಟೋಪಿ ತೆಗೆದೆ.
ಒಂದು ಬರೆದು, ಸೊನ್ನೆಗಳನ್ನು ಈ ಸಲ
ಎಣಿಸಿ ಬರೆದೆ.